‘ನಾನಾ’ ಎಂಬ ಷರಾಕ್ಕೆ ಕಾರಣ ಎಲ್ಲಿದೆ?

ಸೇನೆಯ ವೈದ್ಯಕೀಯ ಮಂಡಳಿಗಳ ಕಾಗದಪತ್ರಗಳಲ್ಲಿ ನಾಲ್ಕಕ್ಷರದ ಒಂದು ಷರಾ ಪದೇ ಪದೇ ಕಾಣಸಿಗುತ್ತದೆ: ಎನ್‌ಎಎನ್‌ಎ. ಕೂಡಿಸಿ ಓದಿದರೆ ‘ನಾನಾ’. ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬ ಇಂಗ್ಲಿಷ್ ಒಕ್ಕಣೆಯ ಮೊದಲಕ್ಷರಗಳವು. ಕನ್ನಡದಲ್ಲಿ ನಾನಾ ಎಂದರೆ ಹಲವು. ಈ ನಾನಾದಲ್ಲಿ ಮಾತ್ರ ಎಷ್ಟು ಹುಡುಕಿದರೂ ಒಂದು ಕಾರಣವೂ ಸಿಗುವುದಿಲ್ಲ. ಆದರೆ ಷರಾ ಬಿತ್ತೆಂದರೆ ಅಂಗವೈಕಲ್ಯ ಪಿಂಚಣಿಯ ಬಾಗಿಲು ಮುಚ್ಚಿತು.

ಬೆಳಗಾವಿ ಜಿಲ್ಲೆಯ ನನ್ನ ಪರಿಚಯದ ನಿವೃತ್ತ ಹವಾಲ್ದಾರರೊಬ್ಬರು ಫಿರಂಗಿ ದಳದಲ್ಲಿ 24 ವರ್ಷ ದುಡಿದವರು. ಅವರ ಮನೆಗೆ ಹೋದ ದಿನ ಟಿ.ವಿ. ಸದ್ದು ಓಣಿಯ ತಿರುವಿಗೇ ಕೇಳುತ್ತಿತ್ತು. ಚಹಾ ತಂದ ಅವರ ಹೆಂಡತಿ ಮಾತಾಡಲಿಲ್ಲ. ಭುಜ ತಟ್ಟಿ, ಲೋಟ ತೋರಿಸಿ, ಇಟ್ಟುಹೋದರು. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿ ಅರ್ಧಕ್ಕರ್ಧ. ನಿವೃತ್ತಿಯ ಹೊತ್ತಿನ ವೈದ್ಯಕೀಯ ಮಂಡಳಿ ಕಿವುಡನ್ನು ಒಪ್ಪಿತು, ಶೇ 20 ಎಂದು ಅಳತೆಯನ್ನೂ ಹಾಕಿತು. ಮುಂದಿನ ಕಾಲಂನಲ್ಲಿ ‘ನಾನಾ’ ಎಂದು ಬರೆಯಿತು. ಪಕ್ಕದಲ್ಲಿ ಕೊಟ್ಟ ವಿವರಣೆ ಇಷ್ಟೇ: ಕಾಯಿಲೆ ಕಾಣಿಸಿಕೊಂಡದ್ದು ಶಾಂತಿ ಠಾಣೆಯಲ್ಲಿ, ಅಂದರೆ ಕಾರ್ಯಾಚರಣೆಯ ಪ್ರದೇಶವಲ್ಲದ ನೆಲೆಯಲ್ಲಿ.

ಶಾಂತಿ ಠಾಣೆಯಲ್ಲಿ ಪತ್ತೆಯಾಯಿತು, ಹಾಗಾಗಿ ಅಲ್ಲೇ ಹುಟ್ಟಿತು! ಬ್ಯಾಂಕಿನಲ್ಲಿ ಖೋಟಾ ನೋಟು ಸಿಕ್ಕರೆ ಬ್ಯಾಂಕಿನವರೇ ಅಚ್ಚು ಹಾಕಿದರು ಅಂದ ಹಾಗಾಯಿತು.

ಅವರ ಮಗ ಅಪ್ಪನನ್ನು ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ವೈದ್ಯರೊಬ್ಬರ ಬಳಿ ಕರೆದೊಯ್ದ. ಆ ವೈದ್ಯರು ಬರೆದುಕೊಟ್ಟ ಪತ್ರ ಒಂದೂವರೆ ಪುಟದ್ದು. ನಾನು ಅದನ್ನು ಎರಡು ಸಲ ಓದಿದೆ, ಏಕೆಂದರೆ ವೈದ್ಯರ ಕಾಗದ ಸಾಮಾನ್ಯರಿಗೆ ಅರ್ಥವಾಗುವುದು ಅಪರೂಪ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಇವರ ಗೆರೆ 4,000 ಹರ್ಟ್ಝ್‌ ಹತ್ತಿರ ಹೊಂಡಕ್ಕೆ ಬಿದ್ದು, 8,000ಕ್ಕೆ ಬರುವಷ್ಟರಲ್ಲಿ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನಿಂದ ಕಿವಿ ಮಂದವಾದರೆ ಗೆರೆ ಗುಡ್ಡ ಇಳಿಯುವ ದಾರಿಯಂತೆ ಇಳಿಯುತ್ತಲೇ ಹೋಗುತ್ತದೆ, ಮೇಲೇಳುವುದಿಲ್ಲ. ನಡುವಿನ ಆ ಹೊಂಡ ಭಾರಿ ಸದ್ದಿಗೆ ಒಡ್ಡಿಕೊಂಡ ಕಿವಿಯ ಗುರುತು. ಬಲಗೈಯಲ್ಲಿ ರೈಫಲ್ ಹಾರಿಸುವವರಿಗೆ ಎಡಗಿವಿ ಹೆಚ್ಚು ಕೆಡುತ್ತದೆ, ನಳಿಕೆಯ ಬಾಯಿಗೆ ಅದೇ ಹತ್ತಿರ. ಕಿವಿ ಸೋರಿದ ಇತಿಹಾಸವಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಮನೆತನದಲ್ಲಿ ಕಿವುಡಿಲ್ಲ. ಆದ್ದರಿಂದ ಈ ಕಿವುಡಿಗೆ ಫಿರಂಗಿ ದಳದ ಕೆಲಸವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಇದು ವೈದ್ಯರ ತೀರ್ಮಾನ. ಪ್ರತಿ ಸಾಲಿಗೂ ಹಿಂದಿನ ಸಾಲಿನ ಆಧಾರವಿದೆ. ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ಮತ್ತೊಬ್ಬ ವೈದ್ಯ ಬೆರಳಿಟ್ಟು ತೋರಿಸಬಹುದು. ಮಂಡಳಿಯ ಷರಾದಲ್ಲಿ ಬೆರಳಿಡುವುದಕ್ಕೂ ಜಾಗವಿಲ್ಲ.

ಈ ಪತ್ರಕ್ಕೆ ಏನು ಬೆಲೆ? ಸದ್ಯದ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಇಲ್ಲ. ಸೈನಿಕನ ಕಾಯಿಲೆಗೂ ಸೇವೆಗೂ ಸಂಬಂಧವಿದೆಯೇ ಎಂದು ಹೇಳುವವರು ಸೇನೆಯ ವೈದ್ಯರು. ಅದರ ಮೇಲಿನ ಎರಡು ಹಂತದ ಮೇಲ್ಮನವಿ ಸಮಿತಿಗಳೂ ಸೇನೆಯವೇ, ರಕ್ಷಣಾ ವ್ಯವಸ್ಥೆಯೊಳಗಿನವೇ. ಪಿಂಚಣಿ ಕೊಡಬೇಕಾದವರೇ ಕಾರಣವನ್ನೂ ನಿರ್ಣಯಿಸುತ್ತಾರೆ. ಸೇನಾ ವೈದ್ಯರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ಅವರಲ್ಲಿ ಅನೇಕರು ಹಿಮದ ಮೇಲೆ ನಿಂತು ಜೀವ ಉಳಿಸಿದವರು. ಆದರೆ ದಿನಕ್ಕಿಷ್ಟು ಮಂದಿ ಎಂದು ನಿವೃತ್ತರ ಸಾಲು ಮುಗಿಸಬೇಕಾದ ಕಡೆ, ಸಿದ್ಧ ನಮೂನೆಯ ‘ಹೌದು/ಇಲ್ಲ’ ಕಾಲಂ ಮುಂದಿದ್ದಾಗ, 24 ವರ್ಷದ ಸೇವಾ ಚರಿತ್ರೆಯನ್ನು ತಿರುವಿಹಾಕುವ ವ್ಯವಧಾನ ಯಾರಿಗಿರುತ್ತದೆ? ಹೃದಯಾಘಾತದ ಪ್ರಕರಣಗಳಲ್ಲಿ ಅದಕ್ಕೂ ಹಿಂದಿನ 14 ದಿನಗಳಲ್ಲಿ ಸೈನಿಕ ಮಾಡಿದ ಕೆಲಸದ ಪಟ್ಟಿಯನ್ನು ಘಟಕದಿಂದ ತರಿಸಿಕೊಳ್ಳುವ ಪದ್ಧತಿ ಇದೆ. ರಕ್ತನಾಳ ಹದಿನಾಲ್ಕು ದಿನಗಳಲ್ಲಿ ಕಟ್ಟಿಕೊಳ್ಳುವುದಿಲ್ಲ ಎಂಬುದು ವೈದ್ಯರಿಗೂ ಗೊತ್ತು.

ಕಾನೂನು ಸೈನಿಕನ ಕಡೆಗೇ ಇತ್ತು ಎಂಬುದು ಇಲ್ಲಿನ ವಿಚಿತ್ರ. 1982ರ ಅರ್ಹತಾ ನಿಯಮಗಳು ಒಂದು ಸರಳ ಊಹೆಯಿಂದ ಹೊರಡುತ್ತವೆ. ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಆತ ಆರೋಗ್ಯವಂತನಾಗಿಯೇ ಬಂದ. ಆಮೇಲೆ ಆರೋಗ್ಯ ಕೆಟ್ಟು ಹೊರಹೋದರೆ ಅದಕ್ಕೆ ಸೇವೆಯೇ ಕಾರಣ. ಹಕ್ಕುದಾರ ಏನನ್ನೂ ಸಾಬೀತು ಮಾಡಬೇಕಿಲ್ಲ, ಸಂದೇಹದ ಲಾಭ ಅವನಿಗೆ. ಭರ್ತಿಯ ವೇಳೆ ಪತ್ತೆ ಮಾಡಲಾಗದ ಕಾಯಿಲೆ ಇದು ಎಂದು ಮಂಡಳಿ ಹೇಳುವುದಾದರೆ ಕಾರಣ ಬರೆಯಲೇಬೇಕು. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನೇ ಎತ್ತಿಹಿಡಿಯಿತು. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ, ಮೂರ್ಛೆ ಕಾಯಿಲೆಯ ಕಾರಣಕ್ಕೆ 1994ರಲ್ಲಿ ಹೊರಬಂದ ಸೈನಿಕ ಅವರು. ಮಂಡಳಿ ಅದನ್ನು ದೇಹಪ್ರಕೃತಿಯ ಕಾಯಿಲೆ ಎಂದಿತ್ತು. ಏಕೆ ಎಂದು ಹೇಳಿರಲಿಲ್ಲ. ಕಾರಣ ಹೇಳದ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸಲಾಗದು ಎಂದಿತು ನ್ಯಾಯಾಲಯ. 2025ರ ಮೇ ತಿಂಗಳಲ್ಲಿ, ಸ್ಕಿಜೋಫ್ರೇನಿಯಾ ಎಂದು ಮನೆಗೆ ಕಳಿಸಲಾದ ಸೈನಿಕನ ಪ್ರಕರಣದಲ್ಲೂ ಅದೇ ಮಾತು. ಜುಲೈಯಲ್ಲಿ ದೆಹಲಿ ಹೈಕೋರ್ಟ್ ಇಂಥ ವಿಷಯಗಳಲ್ಲಿ ಕೇಂದ್ರ ಸಲ್ಲಿಸಿದ್ದ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಿತು. ಹನ್ನೆರಡು ವರ್ಷ ಒಂದೇ ಪಾಠ ಒಪ್ಪಿಸುವ ಮೇಷ್ಟರಿಗೂ ಬೇಸರ ಬರುತ್ತದೆ.

ಇಷ್ಟಾದರೂ ಹೊರಗಿನ ವೈದ್ಯರ ಮಾತಿಗೆ ಮಣೆ ಸಿಕ್ಕಿಲ್ಲ. ದಾಮೋದರನ್ ಪ್ರಕರಣದಲ್ಲಿ 2009ರಲ್ಲಿ ಇದೇ ಸುಪ್ರೀಂ ಕೋರ್ಟ್ ಮಂಡಳಿಯ ಅಭಿಪ್ರಾಯಕ್ಕೆ ಆದ್ಯತೆ ಇರಬೇಕು ಎಂದಿತ್ತು. ಮಂಡಳಿ ತಜ್ಞರದ್ದು, ಪರೀಕ್ಷೆ ಮಾಡಿ ನೋಡಿದ್ದು ಎಂಬ ಆ ವಾದ ಅಸಂಬದ್ಧವೇನಲ್ಲ. ಆದರೆ ಅದರ ಪರಿಣಾಮ ವಿಚಿತ್ರವಾಗಿದೆ. ಮಂಡಳಿ ಕಾರಣ ಕೊಡದಿದ್ದರೆ ಸೈನಿಕ ಗೆಲ್ಲುತ್ತಾನೆ. ಒಂದು ಸಾಲಿನ ಕಾರಣ ಗೀಚಿದರೆ ಸಾಮಾನ್ಯವಾಗಿ ಸೋಲುತ್ತಾನೆ. ಆ ಸಾಲು ವೈದ್ಯಶಾಸ್ತ್ರಕ್ಕೆ ಒಪ್ಪುತ್ತದೆಯೇ ಎಂದು ಎದುರು ನಿಂತು ಕೇಳಬಲ್ಲ ಇನ್ನೊಬ್ಬ ವೈದ್ಯ ಆ ಕೋಣೆಯಲ್ಲಿ ಇರುವುದೇ ಇಲ್ಲ.

ಇದು ಈಗ ಹಿಂದೆಂದಿಗಿಂತ ಮುಖ್ಯ. 2008ರ ನಿಯಮಗಳು ಹಳೆಯ ಊಹೆಯನ್ನು ಸಡಿಲಿಸಿದವು; ಸೇವೆಯಲ್ಲಿದ್ದಾಗ ರೋಗ ಕಾಣಿಸಿಕೊಂಡ ಮಾತ್ರಕ್ಕೆ ಸೇವೆಯೇ ಕಾರಣವಾಗದು ಎಂಬ ಮಾತು ಸೇರಿಕೊಂಡಿತು. 2023ರ ಸೆಪ್ಟೆಂಬರ್ 21ರಿಂದ ಇನ್ನೂ ಹೊಸ ನಿಯಮಗಳು ಜಾರಿಯಲ್ಲಿವೆ. ಊಹೆ ಸೈನಿಕನ ಪರವಾಗಿದ್ದ ಕಾಲದಲ್ಲಿ ಅವನು ಬಾಯಿ ಮುಚ್ಚಿಕೊಂಡು ಕೂತರೂ ನಡೆಯುತ್ತಿತ್ತು. ಊಹೆ ಕಳಚಿದ ಮೇಲೆ ಎಲ್ಲವೂ ನಿಲ್ಲುವುದು ವೈದ್ಯರ ಅಭಿಪ್ರಾಯದ ಮೇಲೆ. ಆಧಾರದ ಕೋಲು ಕಿತ್ತುಕೊಂಡ ಮೇಲೆ ಅವನಿಗೂ ತನ್ನದೇ ಒಂದು ಕೋಲು ಹಿಡಿಯಲು ಬಿಡಬೇಡವೇ?

ಸರ್ಕಾರದ ಅನುಮಾನಕ್ಕೂ ಒಂದು ಮುಖವಿದೆ. ಅಂಗವೈಕಲ್ಯ ಪಿಂಚಣಿ ಕುರಿತ ಸಿಎಜಿಯ 2023ರ ವರದಿ, ನಿವೃತ್ತರಾಗುವ ಅಧಿಕಾರಿಗಳಲ್ಲಿ ಈ ಪಿಂಚಣಿ ಪಡೆಯುವವರ ಪ್ರಮಾಣ ಜವಾನರಲ್ಲಿರುವುದರ ಸುಮಾರು ಎರಡು ಪಟ್ಟು ಎಂದು ತೋರಿಸಿತು. ರಕ್ತದೊತ್ತಡ, ಮಧುಮೇಹದಂಥ ಜೀವನಶೈಲಿ ಕಾಯಿಲೆಗಳ ಪಾಲು ದೊಡ್ಡದು ಎಂದೂ ಹೇಳಿತು. ದುರುಪಯೋಗವೇ ಇಲ್ಲ ಎಂದು ಯಾರೂ ಆಣೆ ಮಾಡಲಾರರು. ಆದರೆ ನನಗೆ ಆ ಅಂಕಿಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಅಧಿಕಾರಿಗೆ ಕಡತ ಓದಲು ಬರುತ್ತದೆ, ಯಾವ ಕಾಯಿಲೆ ಯಾವ ಠಾಣೆಯಲ್ಲಿ ದಾಖಲಾಗಬೇಕು ಎಂಬುದು ಗೊತ್ತಿರುತ್ತದೆ. ಕಿವಿ ಗುಂಯ್‌ಗುಡುತ್ತಿದೆ ಎಂದು ಹೇಳಿಕೊಂಡರೆ ಆರೋಗ್ಯ ದರ್ಜೆ ಇಳಿದು ಬಡ್ತಿ ತಪ್ಪೀತೆಂದು ಹತ್ತು ವರ್ಷ ಸುಮ್ಮನಿದ್ದ ಜವಾನನಿಗೆ ಅದು ಗೊತ್ತಿರುವುದಿಲ್ಲ. ಕೊನೆಯ ಪರೀಕ್ಷೆಯಲ್ಲಿ ಕಾಯಿಲೆ ಪತ್ತೆಯಾಗುವುದು, ಅದೂ ಶಾಂತಿ ಠಾಣೆಯಲ್ಲೇ, ಇಂಥ ಕಾರಣಕ್ಕೆ.

ಸ್ವತಂತ್ರ ವೈದ್ಯರ ಅಭಿಪ್ರಾಯಕ್ಕೆ ವ್ಯವಸ್ಥಿತ ಸ್ಥಾನ ಕೊಟ್ಟ ದೇಶ ಅಮೆರಿಕ. ಅಲ್ಲಿನ ಮಾಜಿ ಸೈನಿಕರ ಇಲಾಖೆಗೆ ಅರ್ಜಿ ಹಾಕುವವರು ಮೂರು ಸಂಗತಿ ತೋರಿಸಬೇಕು: ಈಗಿರುವ ಕಾಯಿಲೆ, ಸೇವೆಯಲ್ಲಿ ನಡೆದ ಘಟನೆ, ಎರಡರ ನಡುವಿನ ಕೊಂಡಿ. ಈ ಮೂರನೆಯದಕ್ಕೆ ಖಾಸಗಿ ವೈದ್ಯರ ಪತ್ರ ತರಬಹುದು. ಇಲಾಖೆ ಅದನ್ನು ತೂಗಿ ನೋಡಲೇಬೇಕು, ಒಪ್ಪದಿದ್ದರೆ ಏಕೆಂದು ಹೇಳಬೇಕು. ಪತ್ರದಲ್ಲಿ ವೈದ್ಯ ಬರೆಯಬೇಕಾದ ಮಟ್ಟವೂ ಕಡಿದಾದದ್ದಲ್ಲ: ಸೇವೆ ಕಾರಣವಾಗಿರುವ ಸಾಧ್ಯತೆ ಆಗಿಲ್ಲದಿರುವ ಸಾಧ್ಯತೆಗೆ ಸಮವಾದರೂ ಸಾಕು. ತಕ್ಕಡಿ ಸಮ ನಿಂತರೆ ತೀರ್ಪು ಸೈನಿಕನ ಕಡೆಗೆ. 2008ರ ನಿವೆಸ್-ರೊಡ್ರಿಗಸ್ ತೀರ್ಪಿನಲ್ಲಿ ಅಲ್ಲಿನ ನ್ಯಾಯಾಲಯ ಇನ್ನೂ ಒಂದು ಗೆರೆ ಎಳೆಯಿತು. ಪತ್ರದ ತೂಕ ಬರೆದವರು ಇಲಾಖೆಯವರೋ ಹೊರಗಿನವರೋ ಎಂಬುದರಿಂದ ಬರುವುದಿಲ್ಲ, ಪೂರ್ತಿ ಕಡತ ಓದಿದ್ದೇನೆ ಎಂದು ಹೇಳಿಕೊಳ್ಳುವುದರಿಂದಲೂ ಬರುವುದಿಲ್ಲ. ಒಳಗಿರುವ ತರ್ಕದಿಂದ ಬರುತ್ತದೆ.

ಆದರೆ ಅಮೆರಿಕವನ್ನು ಇಡಿಯಾಗಿ ಎತ್ತಿ ತರುವುದು ಬೇಡ. ಪತ್ರಕ್ಕೆ ಬೆಲೆ ಬಂದ ಕೂಡಲೇ ಪತ್ರದ ಅಂಗಡಿಗಳೂ ತೆರೆದವು. ಮಾನ್ಯತೆ ಇಲ್ಲದವರು ಹೊಸ ಅರ್ಜಿ ತಯಾರಿಸಿಕೊಡಲು ಹಣ ಪಡೆಯುವುದು ಅಲ್ಲಿ ಕಾನೂನಿಗೆ ವಿರುದ್ಧ. ಆದರೆ ಅದಕ್ಕಿದ್ದ ಕ್ರಿಮಿನಲ್ ಶಿಕ್ಷೆಯನ್ನು 2006ರಲ್ಲಿ ತೆಗೆದುಹಾಕಿದ ಮೇಲೆ ಸಾವಿರಾರು ಡಾಲರ್ ಕೀಳುವ ಕಂಪನಿಗಳು ಎದ್ದವು. ರೋಗಿಯನ್ನು ಫೋನಿನಲ್ಲೇ ‘ನೋಡಿ’ ಅಚ್ಚೊತ್ತಿದ ಪತ್ರ ಕೊಡುವವರಿದ್ದಾರೆ. ಮೆಡಿಕಲ್ ಸರ್ಟಿಫಿಕೇಟಿಗೆ ಇಂತಿಷ್ಟು ಎಂದು ದರ ನಿಗದಿಯಾಗಿರುವ ನಮ್ಮೂರುಗಳಲ್ಲಿ ಆ ದಂಧೆ ಹುಟ್ಟಲು ಒಂದು ವಾರವೂ ಬೇಡ.

ಹಾಗಾಗಿ ದಾರಿ ನಡುವೆ ಎಲ್ಲೋ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ತಜ್ಞರು, ಮಾನಸಿಕ ಕಾಯಿಲೆಗಳಿಗೆ ನಿಮ್ಹಾನ್ಸ್‌ನಂಥ ಸಂಸ್ಥೆಗಳ ತಜ್ಞರು ನಿಗದಿತ ಶುಲ್ಕಕ್ಕೆ ಅಭಿಪ್ರಾಯ ಬರೆಯುವ ವ್ಯವಸ್ಥೆ ಮಾಡಬಹುದು. ಬರೆಯುವವರ ಮುಂದೆ ಭರ್ತಿಯಿಂದ ನಿವೃತ್ತಿವರೆಗಿನ ವೈದ್ಯಕೀಯ ದಾಖಲೆ ಇರಬೇಕು. ಈಗ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕಾದು ಪಡೆಯುವ ಆ ಕಾಗದಗಳನ್ನು ನಿವೃತ್ತಿಯ ದಿನವೇ ಕೈಗಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಮಿಕ್ಕರ್ಧಕ್ಕೆ ಒಂದೇ ನಿಯಮ ಸಾಕು: ಹೊರಗಿನ ವೈದ್ಯರು ಕಾರಣ ಸಮೇತ ಬರೆದದ್ದನ್ನು ತಳ್ಳಿಹಾಕುವ ಮಂಡಳಿ ಕಾರಣ ಸಮೇತ ಉತ್ತರಿಸಬೇಕು. ಮನೋಹರ್ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ, ಮಾಜಿ ಸೈನಿಕರ ಮೇಲೆ ಸರ್ಕಾರ ಹೂಡುವ ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡುವ ದಾರಿಯನ್ನೇ ಹುಡುಕಿತ್ತು. ಇದರಿಂದ ಕಡಿಮೆಯಾಗುವ ವ್ಯಾಜ್ಯವೂ ಸಣ್ಣದೇನಲ್ಲ.

ಎಷ್ಟು ಹಣದ ಮಾತಿದು? ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ತಿ ಅಂಗವೈಕಲ್ಯಕ್ಕೆ ಅದರ ಶೇ 30, ಅಂದರೆ 12,000. ಶೇ 20ರ ವೈಕಲ್ಯವನ್ನು ನಿಯಮದ ಪ್ರಕಾರ ಶೇ 50ಕ್ಕೆ ಏರಿಸಿ ಎಣಿಸುತ್ತಾರೆ, ಅಲ್ಲಿಗೆ ತಿಂಗಳಿಗೆ 6,000 ಮತ್ತು ತುಟ್ಟಿಭತ್ಯೆ. ಒಂದು ಜೊತೆ ಒಳ್ಳೆಯ ಶ್ರವಣ ಸಾಧನಕ್ಕೆ ಅದನ್ನು ಎಷ್ಟೋ ತಿಂಗಳು ಕೂಡಿಡಬೇಕು.

ಹವಾಲ್ದಾರರ ಎರಡನೇ ಮೇಲ್ಮನವಿಗೆ ಉತ್ತರ ಬಂದಿದೆ. ಮಂಡಳಿಯ ಅಭಿಪ್ರಾಯದಲ್ಲಿ ಮಧ್ಯಪ್ರವೇಶಿಸಲು ಕಾರಣ ಕಾಣುತ್ತಿಲ್ಲ ಎಂದಿದೆ. ಹುಬ್ಬಳ್ಳಿಯ ಪತ್ರದ ಪ್ರಸ್ತಾಪ, ನಕ್ಷೆಯ ಹೊಂಡದ ಪ್ರಸ್ತಾಪ ಅದರಲ್ಲಿಲ್ಲ. ಇನ್ನುಳಿದದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದರ ಖಾಯಂ ಪೀಠ ಕರ್ನಾಟಕದಲ್ಲಿಲ್ಲ, ಹೊರರಾಜ್ಯಕ್ಕೆ ರೈಲು ಹತ್ತಬೇಕು. ವಕೀಲರು ಹೇಳಿದ್ದನ್ನು ಮಗ ಅಪ್ಪನ ಬಲಗಿವಿಯ ಹತ್ತಿರ ಬಾಯಿಟ್ಟು ಜೋರಾಗಿ ತಿಳಿಸಿದ: ಪತ್ರದ ಆರು ಜೆರಾಕ್ಸ್ ಬೇಕಂತೆ, ನಕ್ಷೆ ಮಾತ್ರ ಕಲರ್ ಪ್ರಿಂಟ್. ಅವರು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡರು.