ಗುರುಗಳಿಗೂ ಸಂಗ ಬೇಕು



ಪೀಠದ ಮೇಲೆ ಕುಳಿತವರಿಗೆ ಪಾದಮುಟ್ಟಿ ನಮಸ್ಕರಿಸುವವರು ಸಾವಿರ ಜನ. ಆದರೆ ಪಕ್ಕದಲ್ಲಿ ಸರಿಸಮನಾಗಿ ಕುಳಿತು, "ಪೂಜ್ಯರೇ, ನಿಮ್ಮ ಸಾಧನೆ ಹೇಗೆ ಸಾಗಿದೆ? ಮಠಕ್ಕೆ ಸಾಲವಾಗಿದೆಯೇ? ಮನಸ್ಸಿಗೆ ಏನಾದರೂ ಭಾರವಿದೆಯೇ?" ಎಂದು ಕೇಳುವವರು ಎಷ್ಟು ಜನ? ಪಟ್ಟಾಧಿಕಾರದ ದಿನ ಊರೆಲ್ಲ ಸೇರುತ್ತದೆ. ಮರುದಿನದಿಂದ ಆ ಸ್ವಾಮೀಜಿ ಜನಜಂಗುಳಿಯ ನಡುವೆಯೇ ಒಂಟಿ. ಈ ಒಂಟಿತನದ ಬಗ್ಗೆ ನಾವು ಮಾತಾಡುವುದಿಲ್ಲ. ಅದರಿಂದ ಅನಾಹುತವಾದಾಗ ಮಾತ್ರ ತಲೆ ತಗ್ಗಿಸಿ ಕೂರುತ್ತೇವೆ.

ಇದೇ ಪ್ರಶ್ನೆಗೆ ಬೇರೊಂದು ಧರ್ಮದವರು ಕಂಡುಕೊಂಡ ಉತ್ತರವನ್ನು ಈ ಸಲ ನಿಮ್ಮ ಮುಂದೆ ಇಡಬಯಸುತ್ತೇನೆ. ಅವರು ಕ್ರೈಸ್ತರಲ್ಲಿ ಮೆಥಡಿಸ್ಟ್ ಪಂಥದ ಪಾದ್ರಿಗಳು. ಕನ್ನಡಿಗರಿಗೆ ಅವರು ಹೊಸಬರಲ್ಲ. 1887ರಲ್ಲಿ ಮೈಸೂರಿನಿಂದ 'ವೃತ್ತಾಂತ ಪತ್ರಿಕೆ' ಹೊರಡಿಸಿದ ವೆಸ್ಲಿಯನ್ ಮಿಷನ್ ಈ ಪಂಥದ್ದೇ. ಬೀದರ್, ಕೋಲಾರ, ಬೆಳಗಾವಿಗಳಲ್ಲಿ ಮೆಥಡಿಸ್ಟ್ ಸಭೆಗಳು ಇಂದಿಗೂ ಇವೆ. ಅವರ ಶಾಲೆ, ಆಸ್ಪತ್ರೆಗಳನ್ನು ನಾವು ಬಲ್ಲೆವು. ಅವರ ಪಾದ್ರಿಗಳು ತಮ್ಮತಮ್ಮಲ್ಲಿ ಹೇಗೆ ಕಟ್ಟಿಕೊಂಡು ಬಾಳಿದರು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಈ ಪಂಥ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಜಾನ್ ವೆಸ್ಲಿ (1703–1791) ಅಲ್ಲಿನ ರಾಜಮನ್ನಣೆಯ ಚರ್ಚಿನ ಪಾದ್ರಿ. ಚರ್ಚಿನ ಬಾಗಿಲು ತುಳಿಯದ ಗಣಿಕಾರ್ಮಿಕರಿಗೆ 1739ರಲ್ಲಿ ಬಯಲಿನಲ್ಲೇ ನಿಂತು ಬೋಧಿಸತೊಡಗಿದರು. ಅವರ ಜೊತೆ ಊರೂರು ತಿರುಗಿದ ಬೋಧಕರಲ್ಲಿ ಪದವೀಧರರು ಕಡಿಮೆ. ಹೆಸರಾದ ಜಾನ್ ನೆಲ್ಸನ್ ಕಲ್ಲುಕುಟಿಗರು. ಕಾಯಕಜೀವಿಗಳ ಬಾಯಲ್ಲಿ ಅನುಭಾವ ಹುಟ್ಟಿದ್ದನ್ನು ಕಂಡ ನಮಗೆ ಇದು ಅಚ್ಚರಿಯೇನಲ್ಲ.

1744ರ ಜೂನ್ ತಿಂಗಳಲ್ಲಿ ಲಂಡನ್ನಿನ ಹಳೆಯ ಫಿರಂಗಿ ಕಾರ್ಖಾನೆಯೊಂದರ ಕಟ್ಟಡದಲ್ಲಿ ಹತ್ತು ಜನ ಸೇರಿದರು: ವೆಸ್ಲಿ ಸೋದರರಿಬ್ಬರು, ನಾಲ್ವರು ಪಾದ್ರಿಗಳು, ದೀಕ್ಷೆಯಿಲ್ಲದ ನಾಲ್ವರು ಬೋಧಕರು. ಏನನ್ನು ಬೋಧಿಸಬೇಕು, ಹೇಗೆ ಬೋಧಿಸಬೇಕು, ತಾವು ಹೇಗೆ ನಡೆಯಬೇಕು ಎಂಬುದನ್ನು ಪ್ರಶ್ನೋತ್ತರದ ರೂಪದಲ್ಲಿ ಚರ್ಚಿಸಿ ಬರೆದಿಟ್ಟರು. ಆ ಕೂಟಕ್ಕೆ 'ಕಾನ್ಫರೆನ್ಸ್' ಎಂದು ಹೆಸರು. ಮುಂದೆ ಅದು ವರ್ಷಕ್ಕೊಮ್ಮೆ ನಡೆಯುವ ಕಟ್ಟಳೆಯಾಯಿತು, ಇಂದಿಗೂ ನಡೆಯುತ್ತಿದೆ.

ಅಮೆರಿಕದ ಮೆಥಡಿಸ್ಟರಲ್ಲಿ ದೀಕ್ಷೆ ಪಡೆದ ಪಾದ್ರಿಯ ಹೆಸರು ಯಾವ ಒಂದು ಊರಿನ ಚರ್ಚಿನ ಪಟ್ಟಿಯಲ್ಲೂ ಇರುವುದಿಲ್ಲ. ಅವರ ಸದಸ್ಯತ್ವವಿರುವುದು ಕಾನ್ಫರೆನ್ಸಿನಲ್ಲಿ, ಅಂದರೆ ತಮ್ಮಂಥ ಪಾದ್ರಿಗಳ ಕೂಟದಲ್ಲಿ. ಯಾವ ಊರಿಗೆ ಯಾರು ಎಂದು ಬಿಷಪ್ಪರು ಕಳಿಸುತ್ತಾರೆ. ಗಂಟುಮೂಟೆ ಕಟ್ಟಿ ಹೊರಡಬೇಕು. 1804ರಲ್ಲಂತೂ ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇರಕೂಡದೆಂದು ನಿಯಮ ಮಾಡಿದ್ದರು. ಊರು ಬದಲಾಗುತ್ತಿತ್ತು, ಸಂಗ ಬದಲಾಗುತ್ತಿರಲಿಲ್ಲ. ನಿಂತಲ್ಲಿ ನಿಲ್ಲದ ಇಂಥ ಬಾಳಿಗೆ ನಮ್ಮಲ್ಲಿ ಬೇರೆ ಹೆಸರೇ ಬೇಕಿಲ್ಲ. ಜಂಗಮವೆಂದರೆ ಅದೇ.

ಆ ಕೂಟದ ಕೆಲಸ ಎರಡು. ಮೊದಲನೆಯದು ಕೇಳುವುದು. ಪೂರ್ಣ ಸದಸ್ಯರಾಗಲು ಬಂದವರಿಗೆ ವೆಸ್ಲಿಯವರ ಕಾಲದಿಂದ ಬಂದ ಪ್ರಶ್ನೆಗಳನ್ನು ಎಲ್ಲರೆದುರು ಕೇಳುತ್ತಾರೆ. ಮನೆಮನೆಗೆ ಹೋಗುವಿರಾ, ಮಕ್ಕಳಿಗೆ ಕಲಿಸುವಿರಾ, ಸಮಯವನ್ನೆಲ್ಲ ಈ ಕೆಲಸಕ್ಕೇ ಕೊಡುವಿರಾ, ಕೆಲಸಕ್ಕೆ ಅಡ್ಡಿಯಾಗುವಷ್ಟು ಸಾಲವಿದೆಯೇ ಎಂಬವೂ ಅವುಗಳಲ್ಲಿ ಸೇರಿವೆ. ಪ್ರತಿವರ್ಷ ಒಬ್ಬೊಬ್ಬ ಬೋಧಕರ ಹೆಸರು ಕರೆದು, ಅವರ ನಡತೆಯ ಬಗ್ಗೆ ಯಾರಿಗಾದರೂ ಆಕ್ಷೇಪವಿದೆಯೇ ಎಂದು ವಿಚಾರಿಸುವುದು ಹಳೆಯ ಪದ್ಧತಿ.

ಎರಡನೆಯದು ಸಲಹುವುದು. ಮುಪ್ಪಾದ ಬೋಧಕರಿಗೆಂದು 1763ರಲ್ಲೇ ಇಂಗ್ಲೆಂಡಿನಲ್ಲಿ ನಿಧಿ ಕೂಡಿಸಿದರು. ಅಮೆರಿಕದಲ್ಲಿ 1789ರಲ್ಲಿ ಪುಸ್ತಕ ಪ್ರಕಾಶನ ಆರಂಭಿಸಿದರು. ಅದರ ಲಾಭವನ್ನು ಬೋಧಕರು, ದುಡಿಯಲಾಗದ ವೃದ್ಧರು, ಅವರ ವಿಧವೆಯರು ಮತ್ತು ಮಕ್ಕಳ ಹೊರತು ಬೇರೆ ಯಾವುದಕ್ಕೂ ಬಳಸಕೂಡದೆಂದು ಮುಂದೆ ಮೂಲ ನಿಯಮಗಳಲ್ಲೇ ಸೇರಿಸಿದರು. ಬಿಷಪ್ ಫ್ರಾನ್ಸಿಸ್ ಆಸ್ಬರಿ ಸ್ವಂತ ಮನೆಯಿಲ್ಲದೆ ಕುದುರೆಯ ಮೇಲೆಯೇ ಬಾಳು ಸವೆಸಿದರು. ಮೊದಲ ವರ್ಷಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂಭಾವನೆ ವರ್ಷಕ್ಕೆ 64 ಡಾಲರ್. ಸಾಮಾನ್ಯ ಬೋಧಕನಿಗೂ ಅಷ್ಟೇ. 1996ರಲ್ಲಿ ಅಮೆರಿಕದ ಯುನೈಟೆಡ್ ಮೆಥಡಿಸ್ಟರು ದೀಕ್ಷಿತರೆಲ್ಲರನ್ನೂ ಔಪಚಾರಿಕ ಬಳಗಗಳಾಗಿ ಸಂಘಟಿಸಿದರು. ಕೂಡಿ ಓದುವುದು, ಪ್ರಾರ್ಥಿಸುವುದು, ಒಬ್ಬರಿಗೊಬ್ಬರು ಆಸರೆಯಾಗುವುದು, ತಪ್ಪಿದಾಗ ಎಚ್ಚರಿಸುವುದು ಆ ಬಳಗಗಳ ಉದ್ದೇಶ.

ಕೇಳುವ ಕೈಯೇ ಸಲಹುವ ಕೈಯಾಗಿರುವುದು ಇಲ್ಲಿನ ಗುಟ್ಟು. ಬರೀ ಕೇಳಿದರೆ ಅದು ಪೊಲೀಸರ ವಿಚಾರಣೆಯಾಗುತ್ತದೆ. ಬರೀ ಸಲಹಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವ ಗುಂಪಾಗುತ್ತದೆ.

ಅವರು ಎಡವಲಿಲ್ಲವೆಂದು ನಾನು ಹೇಳುವುದಿಲ್ಲ. ಮೊದಲ ಕೂಟ ನಡೆದು ಸರಿಯಾಗಿ ನೂರು ವರ್ಷಕ್ಕೆ, 1844ರಲ್ಲಿ, ಗುಲಾಮರನ್ನು ಹೊಂದಿದ್ದ ಬಿಷಪ್ಪರೊಬ್ಬರು ಅಧಿಕಾರ ಚಲಾಯಿಸಬಾರದೆಂದು ಅಮೆರಿಕದ ಪಾದ್ರಿಗಳು ಬಹುಮತದಿಂದ ಹೇಳಿದರು. ದಕ್ಷಿಣದವರು ಮುನಿದು ಬೇರೆಯಾದರು. 1939ರಲ್ಲಿ ಮತ್ತೆ ಒಂದಾದಾಗ ಕಪ್ಪು ಜನರ ಸಭೆಗಳನ್ನೂ ಪಾದ್ರಿಗಳನ್ನೂ ಬಹುಮಟ್ಟಿಗೆ ಪ್ರತ್ಯೇಕ ವಿಭಾಗದಲ್ಲಿ ಇಟ್ಟರು. ಆ ಗೋಡೆ ಬೀಳತೊಡಗಿದ್ದು 1968ರಲ್ಲಿ. ಮಹಿಳೆಯರಿಗೆ ಪೂರ್ಣ ಪಾದ್ರಿ ಹಕ್ಕು ಸಿಕ್ಕಿದ್ದು 1956ರಲ್ಲಿ. ಇತ್ತೀಚೆಗೆ ಸಲಿಂಗಿಗಳ ಮದುವೆ ಮತ್ತು ದೀಕ್ಷೆಯ ವಿವಾದದಿಂದ 2019 ಮತ್ತು 2023ರ ನಡುವೆ ಅಮೆರಿಕದಲ್ಲಿ ಸುಮಾರು ಕಾಲುಭಾಗದಷ್ಟು ಸಭೆಗಳು ಯುನೈಟೆಡ್ ಮೆಥಡಿಸ್ಟ್ ಚರ್ಚನ್ನು ಬಿಟ್ಟುಹೋದವು. ನಮ್ಮವರು ಎಂಬ ಮಾತಿಗೆ ಗಡಿ ಎಳೆದಾಗಲೆಲ್ಲ ಸಂಗ ಸೋಲುತ್ತದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರ ಕಟ್ಟಿ, ಸಾಧಕರನ್ನು ಒಂದೆಡೆ ತಯಾರು ಮಾಡುವ ದಾರಿ ತೋರಿಸಿದರು. ಅಲ್ಲಿ ಕೂಡಿ ಉಂಡು, ಕೂಡಿ ಕಲಿತವರು ಪಟ್ಟಕ್ಕೆ ಬಂದ ಮೇಲೆ ಸೇರುವುದೆಲ್ಲಿ? ವೇದಿಕೆಯ ಮೇಲೆ. ಹಾರ, ಶಾಲು, ಮಂತ್ರಿಗಳ ಭಾಷಣದ ನಡುವೆ ಮನಸ್ಸು ಬಿಚ್ಚುವುದಾದರೂ ಹೇಗೆ? ಮೇಲಾಗಿ ಒಂದೊಂದು ಒಳಪಂಗಡಕ್ಕೆ ಒಂದೊಂದು ಪೀಠವಾಗುತ್ತಿರುವ ಈ ಕಾಲದಲ್ಲಿ, ಪೂಜ್ಯರ ನಡುವಿನ ಗೋಡೆಯನ್ನು ಭಕ್ತರಾದ ನಾವೇ ಎತ್ತರಿಸುತ್ತಿದ್ದೇವೆ.

ಗುರುವನ್ನು ಪ್ರಶ್ನಿಸುವುದು ಅಪಚಾರವೆಂದು ಕೆಲವರು ಹೇಳಬಹುದು. ಅಂಥವರು ಅನುಭವ ಮಂಟಪವನ್ನು ನೆನೆಯಲಿ. ಕೆರೆ, ದೇಗುಲ ಕಟ್ಟಿ ಹೆಸರಾದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲವೆಂದು 'ಶೂನ್ಯಸಂಪಾದನೆ' ಹೇಳುತ್ತದೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನವರನ್ನು ಅವರ ಮಡದಿ ಲಕ್ಕಮ್ಮನವರೇ ತಿದ್ದಿದರು. ಪ್ರಶ್ನೆ ನಮ್ಮ ಪರಂಪರೆಗೆ ಹೊರಗಿನಿಂದ ಬಂದುದಲ್ಲ. ನಾವೇ ಅದನ್ನು ಹೊರಗೆ ಹಾಕಿದ್ದೇವೆ.

ಆದ್ದರಿಂದ ಪೂಜ್ಯರಲ್ಲಿ ವಿನಯಪೂರ್ವಕ ಬಿನ್ನಹ. ಒಂದು ಜಿಲ್ಲೆಯ ಎಲ್ಲ ಲಿಂಗಾಯತ ಮಠಾಧೀಶರು, ಒಳಪಂಗಡ ನೋಡದೆ, ಹಿರಿಯ ಮಠ ಕಿರಿಯ ಮಠವೆನ್ನದೆ, ಮಾತೆಯರನ್ನೂ ಸೇರಿಸಿಕೊಂಡು ವರ್ಷಕ್ಕೆ ಎರಡು ದಿನವಾದರೂ ಕೂಡಲಿ. ವೇದಿಕೆ, ಛಾಯಾಚಿತ್ರ ಬೇಡ. ಆಸನ ಎಲ್ಲರಿಗೂ ಒಂದೇ ಎತ್ತರದಲ್ಲಿರಲಿ. ಲಿಂಗಪೂಜೆ, ವಚನಾಧ್ಯಯನವಾದ ಮೇಲೆ ಪ್ರತಿಯೊಬ್ಬರೂ ತಮ್ಮ ಸಾಧನೆ, ಮಠದ ಜಮಾಖರ್ಚು, ಮನದ ಅಳಲನ್ನು ಬಳಗದ ಮುಂದೆ ಇಡಲಿ. ಅನುಕೂಲವಿರುವ ಮಠಗಳು ದಾಸೋಹದ ಒಂದು ಪಾಲನ್ನು ಎತ್ತಿಟ್ಟು, ಮುಪ್ಪಾದ, ಕಾಯಿಲೆಬಿದ್ದ ಸಣ್ಣ ಮಠಗಳ ಸ್ವಾಮಿಗಳಿಗೆ ನಿಧಿ ಮಾಡಲಿ. ಕಾನೂನಿಗೆ ಸಂಬಂಧಿಸಿದ ತಪ್ಪು ಕಂಡರೆ ಬಳಗದೊಳಗೆ ಮುಚ್ಚದೆ ಕಾನೂನಿಗೇ ಒಪ್ಪಿಸಲಿ.

ಭಕ್ತರಿಗೂ ಒಂದು ಮಾತು. ನಿಮ್ಮ ಗುರುಗಳು ಆ ಎರಡು ದಿನ ಮಠದಲ್ಲಿ ಸಿಗಲಿಲ್ಲವೆಂದು ಗೊಣಗಬೇಡಿ. ಪಾದಪೂಜೆಯನ್ನು ಮುಂದಕ್ಕೆ ಹಾಕಿ, ದಾರಿಖರ್ಚು ಕೊಟ್ಟು ಕಳಿಸಿ. ನಮ್ಮ ಭಾರ ಹೊರುವವರ ಭಾರವನ್ನು ಹೊರಲು ಅವರ ಸಮಾನರು ಅಲ್ಲಿ ಕಾದಿರುತ್ತಾರೆ.



– ಸಂಪಾದಕ