‘ಸ್ವಲ್ಪ ಆಯಿಲ್ ಕುಡಿತೈತ್ರೀ’ ಅಂತ ಹೇಳುವವರು ಅದನ್ನೇ ಬರೆದೂ ಕೊಡಲಿ

ಸಿಂದಗಿ ತಾಲ್ಲೂಕಿನ ನಮ್ಮ ಗೆಳೆಯನೊಬ್ಬನ ಮನೆಯಲ್ಲಿ ಏಳು ಸೀಟಿನ ಡೀಸೆಲ್ ಗಾಡಿಯೊಂದಿದೆ. ತೊಗರಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಕೈಯಲ್ಲಿದ್ದ ರೊಕ್ಕ ಹಾಕಿ, ಉಳಿದದ್ದಕ್ಕೆ ಸಾಲ ಮಾಡಿ ತಂದದ್ದು. ಆ ಗಾಡಿಯಲ್ಲಿ ಅಜ್ಜನನ್ನು ಸೋಲಾಪುರದ ದವಾಖಾನೆಗೆ ಕರೆದೊಯ್ದಿದ್ದಾರೆ, ತಂಗಿಯನ್ನು ಹೆರಿಗೆಗೆ ವಿಜಯಪುರಕ್ಕೆ ಒಯ್ದಿದ್ದಾರೆ, ಎಲ್ಲಮ್ಮನ ಗುಡ್ಡಕ್ಕೆ ಒಂಬತ್ತು ಮಂದಿ ಹೋಗಿ ಬಂದಿದ್ದಾರೆ. ಏಳು ಸೀಟು ಅಂದರೆ ನಮ್ಮಲ್ಲಿ ಒಂಬತ್ತು ಅಂತಲೇ ಲೆಕ್ಕ, ಅದು ಬೇರೆ ಮಾತು.

ಕಳೆದ ಯುಗಾದಿಗೆ ಶ್ರೀಶೈಲಕ್ಕೆ ಹೋಗಿ ಬರುವಾಗ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಎಣ್ಣೆ ಗಿಂಡಿಯ ಚಿತ್ರದ ದೀಪ. ರಾತ್ರಿ ಹೊತ್ತು, ಗಾಡಿ ತುಂಬ ಹೆಣ್ಣುಮಕ್ಕಳು, ಮಕ್ಕಳು. ‘ಮುಂದಿನ ಊರಾಗ ನಿಲ್ಲಿಸಿ ನೋಡೋಣು’ ಅಂತ ಕಾಕಾ ಓಡಿಸಿದರು. ಮುಂದಿನ ಊರು ಬರುವ ಮೊದಲೇ ಎಂಜಿನ್ ಕಟಕಟ ಅಂದು ನಿಂತುಬಿಟ್ಟಿತು. ಸೀಜ್.

ಸರ್ವಿಸ್ ಸೆಂಟರಿನವರು ತೆಗೆದು ನೋಡಿ ಹೇಳಿದ್ದು ಇಷ್ಟೇ: ‘ಒಳಗ ಆಯಿಲ್ಲೇ ಇರ್ಲಿಲ್ಲ ಸರ್, ನೀವು ನೋಡ್ಕೋಬೇಕಿತ್ತು, ಇದು ವಾರಂಟಿದಾಗ ಬರಂಗಿಲ್ಲ.’ ಹೊಸ ಎಂಜಿನ್ನಿಗೆ ಕೊಟ್ಟ ಅಂದಾಜು ಎರಡು ಲಕ್ಷ ದಾಟಿತ್ತು. ಆದರೆ ಅದಕ್ಕೂ ಮುಂಚಿನ ಎರಡು ಸರ್ವಿಸಿನಲ್ಲೂ ಇದೇ ಮನೆಯವರು ಇದೇ ಕೌಂಟರಿನ ಮುಂದೆ ನಿಂತು ‘ಆಯಿಲ್ ಕಡಿಮಿ ಆಗಾಕತ್ತೈತಿ, ನಡುವ ಎರಡು ಸಲ ಹಾಕ್ಸೀವಿ’ ಅಂದಿದ್ದರು. ಆಗ ಸಿಕ್ಕ ಉತ್ತರ: ‘ಟರ್ಬೊ ಗಾಡಿ ಅಲ್ರೀ, ಸ್ವಲ್ಪ ಆಯಿಲ್ ಕುಡಿತೈತ್ರೀ, ನಾರ್ಮಲ್.’ ಆ ಎರಡೂ ಜಾಬ್ ಕಾರ್ಡುಗಳನ್ನು ನಾವು ನೋಡಿದೆವು. ಗ್ರಾಹಕರ ದೂರು ಅನ್ನುವ ಜಾಗದಲ್ಲಿ ಬರೆದದ್ದು ‘ಜನರಲ್ ಸರ್ವಿಸ್’.

ನಾವು ಈ ಲೇಖನ ಬರೆಯುತ್ತಿರುವುದು ಆ ಖಾಲಿ ಜಾಗದ ಬಗ್ಗೆ.

ಎಂಜಿನ್ ಆಯಿಲ್ ಸ್ವಲ್ಪ ಸುಡುವುದು ಸುಳ್ಳಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಸಿಲಿಂಡರಿನ ಗೋಡೆಯ ಮೇಲೆ ಆಯಿಲಿನ ತೆಳ್ಳನೆಯ ಪದರ ಇರಲೇಬೇಕು, ಅದರಲ್ಲಿ ಒಂದಿಷ್ಟು ಡೀಸೆಲ್ ಜೊತೆ ಸುಟ್ಟುಹೋಗುತ್ತದೆ. ಪ್ರಶ್ನೆ ಎಷ್ಟು ಅನ್ನುವುದು. ಕೆಲವು ಕಂಪನಿಗಳು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ 1,000 ಕಿ.ಮೀ.ಗೆ 1 ಲೀಟರ್‌ವರೆಗೆ ಕಡಿಮೆಯಾದರೂ ಸಹಜ ಅಂತ ಅಚ್ಚು ಹಾಕಿವೆ. ಈಗ ಲೆಕ್ಕ ಮಾಡಿ. ಸರ್ವಿಸ್ 10,000 ಕಿ.ಮೀ.ಗೆ ಒಮ್ಮೆ. ಈ ಗಾಡಿಗಳ ಎಂಜಿನ್ ಹಿಡಿಯುವ ಆಯಿಲ್ ಐದರಿಂದ ಏಳು ಲೀಟರ್. ಸಾವಿರಕ್ಕೆ ಒಂದು ಲೀಟರ್ ‘ಸಹಜ’ವಾದರೆ ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಬೇಕಾದದ್ದು ಹತ್ತು ಲೀಟರ್. ಅಂದರೆ ಅವರ ಪುಸ್ತಕದ ಪ್ರಕಾರವೇ ಸಹಜವಾಗಿರುವ ಗಾಡಿ, ಅವರೇ ಹೇಳಿದ ಸರ್ವಿಸಿಗೆ ಬರುವ ಮೊದಲೇ ಪೂರಾ ಒಣಗಬಹುದು. ಇಂಥ ಅಳತೆಯನ್ನು ಮಾರುವ ದಿನ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಎಸಿ, ಟಚ್ ಸ್ಕ್ರೀನು, ಹಿಂದೆ ಬರುವಾಗ ತೋರಿಸುವ ಕ್ಯಾಮೆರಾ ಎಲ್ಲ ಹೇಳುತ್ತಾರೆ. ಆಯಿಲ್ ಕಡ್ಡಿ ಎಲ್ಲಿದೆ ಅಂತ ತೋರಿಸಿದ ಶೋರೂಮ್ ನಮಗಂತೂ ಸಿಕ್ಕಿಲ್ಲ. ಪುಸ್ತಕವಂತೂ ಇಂಗ್ಲಿಷಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ.

ಆ ಕೆಂಪು ದೀಪದ ಬಗ್ಗೆಯೂ ಒಂದು ಮಾತು, ಯಾಕಂದರೆ ಇದನ್ನು ತಪ್ಪು ತಿಳಿದವರು ಬಹಳ. ಅದು ಪೆಟ್ರೋಲ್ ಮುಗಿಯುತ್ತ ಬಂತು ಅನ್ನುವ ದೀಪದ ಹಾಗೆ ಮುಂಚಿತವಾಗಿ ಎಚ್ಚರಿಸುವುದಿಲ್ಲ. ಬಹಳಷ್ಟು ಗಾಡಿಗಳಲ್ಲಿ ಅದು ಆಯಿಲಿನ ಮಟ್ಟವನ್ನಲ್ಲ, ಆಯಿಲಿನ ಒತ್ತಡವನ್ನು ತೋರಿಸುತ್ತದೆ. ಅದು ಹತ್ತಿದಾಗ ಬೇರಿಂಗುಗಳಿಗೆ ಆಯಿಲ್ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಅಲ್ಲೇ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಬೇಕು, ಮುಂದಿನ ಊರು ಎರಡೇ ಕಿಲೋಮೀಟರ್ ಇದ್ದರೂ.

ಹಾಗಾದರೆ ಆಯಿಲ್ ಎಲ್ಲಿ ಹೋಗುತ್ತದೆ? ಮುದ್ದೇಬಿಹಾಳದಲ್ಲಿ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿಯೊಬ್ಬರನ್ನು ಕೇಳಿದೆವು. ಅವರು ಮೊದಲು ಕೇಳಿದ್ದು ಹೊಗೆಯ ಬಣ್ಣ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕರಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಬಿಳಿ ಹೊಗೆ ಬಿಡದೆ ಬಂದರೆ ಕೂಲೆಂಟ್ ನೀರು ಒಳಗೆ ಇಳಿದಿರಬಹುದು. ನೀಲಿ ಹೊಗೆಗೆ ಕಾರಣ ಪಿಸ್ಟನ್ ರಿಂಗ್ ಸವೆದಿರಬಹುದು, ವಾಲ್ವ್ ಸೀಲ್ ಗಟ್ಟಿಯಾಗಿ ಒಡೆದಿರಬಹುದು, ಟರ್ಬೊದ ಸೀಲ್ ಹೋಗಿರಬಹುದು. ಹೊಗೆಯೂ ಇಲ್ಲ, ಆಯಿಲೂ ಇಲ್ಲ ಅಂದರೆ ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ಬೆಳಗ್ಗೆ ನೋಡಿ, ಸೋರಿಕೆ ಅಲ್ಲೇ ಗೊತ್ತಾಗುತ್ತದೆ ಅಂದರು.

ಆಮೇಲೆ ಅವರು ಏರ್ ಫಿಲ್ಟರ್ ಒಂದನ್ನು ಎತ್ತಿ ಕುಟ್ಟಿ ತೋರಿಸಿದರು. ಬಿದ್ದದ್ದು ನಮ್ಮ ಎರಿ ಹೊಲದ ಮಣ್ಣು. ಕಬ್ಬಿನ ಗಾಡಿಗಳು ಓಡಾಡಿ ಕೆಟ್ಟ ರಸ್ತೆ, ಬೇಸಿಗೆಯಲ್ಲಿ ಮೊಳಕಾಲುದ್ದ ಧೂಳು. ಈ ಮಣ್ಣು ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರಿಗೆ ಉಪ್ಪುಕಾಗದ ತಿಕ್ಕಿದ ಹಾಗೆ. ಧೂಳಿನ ಪ್ರದೇಶದಲ್ಲಿ ಫಿಲ್ಟರನ್ನೂ ಆಯಿಲನ್ನೂ ಬೇಗ ಬದಲಿಸಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ಇಂಡಿ, ಸಿಂದಗಿ ಕಡೆಯ ಗಾಡಿಗೂ ಬೆಂಗಳೂರಿನ ಗಾಡಿಗೂ ಒಂದೇ ಸರ್ವಿಸ್ ಚಾರ್ಟ್ ಹಚ್ಚುವವರು ಆ ಪುಟ ತೆರೆಯುವುದಿಲ್ಲ.

ಹೊಸ ಗಾಡಿಗಳಲ್ಲಿ ಇದರ ಉಲ್ಟಾ ತೊಂದರೆಯೂ ಇದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಎಂಜಿನ್ ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಗಾಡಿ ಒಂದಿಷ್ಟು ಹೊತ್ತು ನಿಲ್ಲದೆ ಒಳ್ಳೆಯ ವೇಗದಲ್ಲಿ ಓಡಬೇಕು. ನಮ್ಮ ಓಡಾಟ ಹೇಗೆ? ಮನೆಯಿಂದ ಹೊಲ, ಹೊಲದಿಂದ ಸಂತೆ, ನಾಲ್ಕು ಕಿಲೋಮೀಟರಿಗೆ ಬಂದ್. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಅದಕ್ಕಾಗಿ ಹೆಚ್ಚಾಗಿ ಚಿಮ್ಮಿದ ಡೀಸೆಲ್ ಇಳಿದು ಆಯಿಲಿನಲ್ಲಿ ಸೇರುತ್ತದೆ. ಕಡ್ಡಿಯಲ್ಲಿ ಆಯಿಲ್ ಏರಿದ ಹಾಗೆ ಕಾಣುತ್ತದೆ. ‘ಆಹಾ, ನಮ್ಮ ಗಾಡಿ ಒಂದು ಹನಿ ಕುಡಿಯಂಗಿಲ್ಲ’ ಅಂತ ಇಂಡಿಯ ಲಿಂಬೆ ಬೆಳೆಗಾರರೊಬ್ಬರು ನಮಗೆ ಹೆಮ್ಮೆಯಿಂದ ಹೇಳಿದರು. ಕಡ್ಡಿ ಎಳೆದು ಮೂಸಿದರೆ ಡೀಸೆಲ್ ವಾಸನೆ. ನೀರಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಮಟ್ಟ ಏರಿದರೂ ದೂರು ಬರೆಸಬೇಕು.

ತಪ್ಪೆಲ್ಲ ಕಂಪನಿಯದು ಅಂತ ನಾವು ಹೇಳುತ್ತಿಲ್ಲ. ಸರ್ವಿಸ್ ತಪ್ಪಿಸುವವರು, ಗ್ರೇಡು ನೋಡದೆ ಬಿಡಿ ಆಯಿಲ್ ಹಾಕಿಸುವವರು, ಆಯಿಲ್ ಹಾಕಿಸಿ ಬಿಲ್ ಬೇಡ ಅನ್ನುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಬಸವನ ಬಾಗೇವಾಡಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ ಒಬ್ಬರು ಬಣ್ಣ, ಟೈರು, ಟೇಪು ಎಲ್ಲ ನೋಡಿದ್ದರು. ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಎಕ್ಸಲರೇಟರ್ ಒತ್ತಿ ಹೊಗೆ ನೋಡಿರಲಿಲ್ಲ. ಮಾರುವವ ಗಾಡಿ ಮೊದಲೇ ಬಿಸಿ ಮಾಡಿ ನಿಲ್ಲಿಸಿದ್ದ.

ಆದರೆ ಎಂಜಿನ್ ಹುಟ್ಟಿನಿಂದಲೇ ದೋಷದ್ದಾಗಿದ್ದರೆ? ಅದು ಆಗದ ಮಾತಲ್ಲ. ಅಮೆರಿಕದಲ್ಲಿ 2010ರಿಂದ 2013ರ ಮಾಡೆಲ್ಲಿನ ಶೆವರ್ಲೆ ಈಕ್ವಿನಾಕ್ಸ್, ಜಿಎಂಸಿ ಟೆರೇನ್ ಅನ್ನುವ ಕುಟುಂಬದ ಗಾಡಿಗಳಿದ್ದವು. ಅವುಗಳ 2.4 ಲೀಟರ್ ಎಂಜಿನ್ ವಿಪರೀತ ಆಯಿಲ್ ಕುಡಿಯುತ್ತದೆ, ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ ಅಂತ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. 2019ರಲ್ಲಿ ರಾಜಿಯಾಯಿತು, ಜನರಲ್ ಮೋಟರ್ಸ್ ರಿಪೇರಿ ಖರ್ಚು ತುಂಬಿಕೊಡಲು ಒಪ್ಪಿತು. ಅದೇ ಕಂಪನಿ 2025ರ ಏಪ್ರಿಲ್‌ನಲ್ಲಿ 6.2 ಲೀಟರ್ ಎಂಜಿನ್ನಿನ ಸುಮಾರು 6 ಲಕ್ಷ ದೊಡ್ಡ ಗಾಡಿಗಳನ್ನು ಅಮೆರಿಕದಲ್ಲಿ ವಾಪಸ್ ಕರೆಯಿತು. ಅಲ್ಲಿ ದೋಷ ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗಿನದು. ಕೆಟ್ಟವಕ್ಕೆ ಎಂಜಿನ್ ಬದಲಿಸುವುದು, ತಪಾಸಣೆಯಲ್ಲಿ ಪಾಸಾದವಕ್ಕೆ ಇನ್ನಷ್ಟು ಮಂದ ಆಯಿಲ್ ಹಾಕಿಕೊಡುವುದು ಅಂತಾಯಿತು.

ಹ್ಯುಂಡೈ, ಕಿಯಾ ಕತೆ ಇದಕ್ಕಿಂತ ದೊಡ್ಡದು. ಅವುಗಳ ‘ಥೀಟಾ 2’ ಅನ್ನುವ ಪೆಟ್ರೋಲ್ ಎಂಜಿನ್ ತಯಾರಾಗುವಾಗ ಒಳಗೆ ಉಳಿದ ಲೋಹದ ಚೂರು ಆಯಿಲಿನ ದಾರಿ ಕಟ್ಟಿ ಬೇರಿಂಗ್ ಸುಡುತ್ತಿತ್ತು. 2015ರಲ್ಲಿ ಅಮೆರಿಕದಲ್ಲಿ ಗಾಡಿಗಳನ್ನು ವಾಪಸ್ ಕರೆಯಲು ಶುರುವಾಯಿತು. ಕಂಪನಿ ಪೂರ್ತಿ ಒಪ್ಪಿಕೊಳ್ಳುತ್ತಿಲ್ಲ ಅಂತ ಅಲ್ಲಿನ ಸುರಕ್ಷತಾ ಇಲಾಖೆಗೆ ಕಾಗದಪತ್ರ ಸಮೇತ ತಿಳಿಸಿದವರು ದಕ್ಷಿಣ ಕೊರಿಯಾದ ಕಿಮ್ ಗ್ವಾಂಗ್-ಹೋ, ಹ್ಯುಂಡೈನ ಎಂಜಿನಿಯರ್. ಅವರ ಕೆಲಸ ಹೋಯಿತು. ಆದರೆ 2020ರಲ್ಲಿ ಎರಡೂ ಕಂಪನಿಗಳು ಸೇರಿ 21 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು, 2021ರಲ್ಲಿ ಕಿಮ್ ಅವರಿಗೆ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ ಬಂತು.

ಅದು ಅಮೆರಿಕ ಬಿಡ್ರೀ ಅನ್ನಬೇಡಿ. ನಮ್ಮ ಕಡೆ ಮದುವೆ ದಿಬ್ಬಣಕ್ಕೆ ಓಡಾಡಿದ ಶೆವರ್ಲೆ ಟವೇರಾ ನೆನಪಿದೆಯಲ್ಲ? 2005ರಿಂದ 2013ರ ನಡುವೆ ತಯಾರಾದ ಸುಮಾರು 1.14 ಲಕ್ಷ ಟವೇರಾಗಳನ್ನು ಕಂಪನಿ 2013ರಲ್ಲಿ ವಾಪಸ್ ಕರೆದಿತ್ತು. ಅದು ಆಯಿಲಿನ ತಕರಾರಲ್ಲ, ಹೊಗೆಯ ನಿಯಮದ್ದು. ಪರೀಕ್ಷೆಯ ವಿಷಯದಲ್ಲಿ ತನ್ನ ಸಿಬ್ಬಂದಿಯೇ ನಿಯಮ ಮುರಿದಿದ್ದಾರೆ ಅಂತ ಕಂಪನಿ ಒಪ್ಪಿಕೊಂಡು ಕೆಲವರನ್ನು ಕೆಲಸದಿಂದ ತೆಗೆಯಿತು. ಆಗ ನಮ್ಮ ದೇಶದಲ್ಲಿ ಗಾಡಿ ವಾಪಸ್ ಕರೆಯುವುದಕ್ಕೆ ಕಾನೂನು ಇರಲಿಲ್ಲ, ಕಂಪನಿಗಳು 2012ರಲ್ಲಿ ತಾವೇ ಮಾಡಿಕೊಂಡ ಕಟ್ಟಳೆ ಮಾತ್ರ ಇತ್ತು.

ಈಗ ಕಾನೂನು ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಅನ್ನುವ ಕಲಂ ಬಂತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಲ್ಲಿ, ಪರಿಸರಕ್ಕೋ ಒಳಗೆ ಕುಳಿತವರಿಗೋ ರಸ್ತೆಯಲ್ಲಿರುವವರಿಗೋ ಅಪಾಯ ತರುವ ದೋಷ ಇದ್ದರೆ ಸರ್ಕಾರ ವಾಪಸ್ ಕರೆಸಬಹುದು, 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ತನಿಖೆ ಶುರುವಾಗಲು ಆ ಮಾಡೆಲ್ಲಿನ ಮಾರಾಟಕ್ಕೆ ತಕ್ಕಷ್ಟು ದೂರುಗಳು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಬಂದಿರಬೇಕು. ಎಂಟು ಮಂದಿ ತುಂಬಿದ ಗಾಡಿ ರಾತ್ರಿ ಹೆದ್ದಾರಿಯ ನಡುವೆ ತಟ್ಟನೆ ನಿಲ್ಲುವುದು ಅಪಾಯವಲ್ಲವೇ? ಹಿಂದೆ ಕಬ್ಬಿನ ಟ್ರ್ಯಾಕ್ಟರು, ಲಾರಿ ಬರುತ್ತಿರುತ್ತವೆ. ಆದರೂ ನಮ್ಮ ನಾಲ್ಕು ತಾಲ್ಲೂಕುಗಳ ತೊಂದರೆ ಆ ಎಣಿಕೆಗೆ ಬರುವುದೇ ಇಲ್ಲ. ಅದು ಮಿಸ್ತ್ರಿಯ ಕಟ್ಟೆಯ ಮೇಲೆ, ಚಹಾ ಅಂಗಡಿಯಲ್ಲಿ, ‘ನಮ್ಮ ನಸೀಬು’ ಅನ್ನುವಲ್ಲಿಗೆ ಮುಗಿದುಹೋಗುತ್ತದೆ.

ಅದಕ್ಕೇ ನಮ್ಮ ವಾದ ಇಷ್ಟು. ಆಯಿಲ್ ಕಡಿಮೆಯಾಗುತ್ತಿದೆ ಅಂತ ಹೇಳಿದ ಪ್ರತಿ ಸಲವೂ ಅದು ಜಾಬ್ ಕಾರ್ಡಿನಲ್ಲಿ, ಕಿಲೋಮೀಟರ್ ಸಮೇತ ಬರೆಯಲ್ಪಡಬೇಕು. ಬರೆಯದಿದ್ದರೆ ಸಹಿ ಹಾಕಬೇಡಿ, ಕೀಲಿ ಕೊಡಬೇಡಿ. ‘ನಾರ್ಮಲ್’ ಅಂದರೆ ಎಷ್ಟು ಲೀಟರ್ ನಾರ್ಮಲ್ ಅಂತ ಅದೇ ಕಾಗದದ ಮೇಲೆ ಬರೆದುಕೊಡಲಿ. ಆಯಿಲನ್ನು ಪೂರ್ತಿ ಮಟ್ಟಕ್ಕೆ ತುಂಬಿ, ಕೆಳಗಿನ ಬೋಲ್ಟಿಗೂ ಕಡ್ಡಿಗೂ ಸೀಲ್ ಹಾಕಿ, 1,000 ಕಿ.ಮೀ. ಓಡಿಸಿ ಮತ್ತೆ ಅಳೆಯುವ ಪರೀಕ್ಷೆ ಒಂದಿದೆ, ಅದನ್ನು ಕೇಳಿ. ನಡುವೆ ಹೊರಗೆ ಆಯಿಲ್ ಹಾಕಿಸಿದರೆ ಗ್ರೇಡು ಬರೆಸಿದ ಬಿಲ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿಯ ಫೋಟೊ ಮೀಟರಿನ ಫೋಟೊ ಎರಡೂ ತೆಗೆದಿಡಿ. ಫೋನ್ ಎಲ್ಲರ ಕೈಯಲ್ಲೂ ಇದೆ.

ಮಾತು ಮುರಿದರೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಶೋರೂಮ್ ಸೋಲಾಪುರದಲ್ಲಿದ್ದರೂ ಹುಬ್ಬಳ್ಳಿಯಲ್ಲಿದ್ದರೂ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ಬಾಡಿಗೆಗೆ ಓಡಿಸಿದ್ದೀರಿ, ನೀವು ಗ್ರಾಹಕರೇ ಅಲ್ಲ ಅಂತ ಹೆದರಿಸಿದರೆ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಓಡಿಸುವವರು ಗ್ರಾಹಕರೇ ಅಂತ ಅದೇ ಕಾಯ್ದೆ ಹೇಳುತ್ತದೆ. ಎಂಜಿನ್ ಬಿಚ್ಚುವ ಮೊದಲೇ ಎಚ್ಚರ ಬೇಕು. ತಯಾರಿಕೆಯದೇ ದೋಷ ಅಂತ ಸಾಬೀತು ಮಾಡಲು ತಜ್ಞರ ವರದಿ ಬೇಕಾಗುತ್ತದೆ, ಆಯೋಗವೇ ಪರೀಕ್ಷೆಗೆ ಕಳಿಸಬಹುದು, ಬಿಚ್ಚಿ ಜೋಡಿಸಿದ ಮೇಲೆ ಏನೂ ಉಳಿಯುವುದಿಲ್ಲ. ಅವಧಿ ಎರಡು ವರ್ಷ. ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಸಿಂದಗಿಯ ಗೆಳೆಯನ ಮನೆಯವರ ಹತ್ತಿರ ಜಾಬ್ ಕಾರ್ಡಿನಲ್ಲಿ ಏನೂ ಇರಲಿಲ್ಲ. ತಮ್ಮನ ಹಳೆಯ ಫೋನ್ ಹುಡುಕಿದಾಗ ಸರ್ವಿಸ್ ಸೆಂಟರಿನವರಿಗೆ ಕಳಿಸಿದ್ದ ಒಂದು ವಾಟ್ಸಾಪ್ ಮೆಸೇಜ್ ಸಿಕ್ಕಿತು, ‘ಸರ್ ಮತ್ತ ಆಯಿಲ್ ಕಡಿಮಿ ತೋರ್ಸಾಕತ್ತೈತಿ’ ಅಂತ, ಕಡ್ಡಿಯ ಫೋಟೊ ಸಮೇತ. ಆ ಕಡೆಯಿಂದ ಬಂದ ಉತ್ತರ ಒಂದು ಹೆಬ್ಬೆಟ್ಟಿನ ಚಿತ್ರ. ಅದನ್ನೇ ಪ್ರಿಂಟ್ ತೆಗೆಸಿ, ಎರಡು ಆಯಿಲ್ ಬಿಲ್ ಜೊತೆ ಹಚ್ಚಿ, ದೂರು ತಯಾರು ಮಾಡಿದ್ದಾರೆ. ಮುಂದಿನ ವಾರ ವಿಜಯಪುರಕ್ಕೆ ಹೋಗುತ್ತಾರೆ, ಬಸ್ಸಿನಲ್ಲಿ. ಗಾಡಿಯ ಸಾಲದ ಕಂತು ಈ ತಿಂಗಳೂ 5ನೇ ತಾರೀಖಿಗೆ ಖಾತೆಯಿಂದ ಹೋಗಿದೆ.