ಪಕ್ಕದ ಸೀಟು

ಮೊನ್ನೆ ಕೆ.ಆರ್.ನಗರದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೋಗ್ತಿದ್ದೆ. ಮಣಿಸರದ ಗಂಟು ಹೊತ್ತ ಹೆಂಗಸೊಬ್ಬರು ಹತ್ತಿದರು. ಹಕ್ಕಿಪಿಕ್ಕಿಯವರಿರಬೇಕು ಅಂತ ನೋಡಿದ ಕೂಡಲೇ ತೀರ್ಮಾನಿಸಿಬಿಟ್ಟೆ. ಪಕ್ಕದ ಸೀಟು ಖಾಲಿ ಇತ್ತು. ತೊಡೆ ಮೇಲಿದ್ದ ಬ್ಯಾಗನ್ನು ತೆಗೆದು ಅಲ್ಲಿಟ್ಟೆ. ಅವರು ಒಮ್ಮೆ ನೋಡಿದರು, ಏನೂ ಅನ್ನದೆ ಹಿಂದೆ ಹೋಗಿ ನಿಂತರು.

ತಮಾಷೆ ಅಂದ್ರೆ, ಹಿಂದಿನ ರಾತ್ರಿಯಷ್ಟೇ ಯುರೋಪಿನ ರೋಮಾ ಜನರ ಬಗ್ಗೆ ಓದಿ ಸಿಟ್ಟಾಗಿದ್ದೆ. ನೂರಾರು ವರ್ಷಗಳ ಹಿಂದೆ ಭಾರತದಿಂದ ಹೋದವರು, ಇಂದಿಗೂ ನೀರಿಗೆ 'ಪಾನಿ' ಅನ್ನೋರು. ಈಗಿನ ರೊಮೇನಿಯಾದ ಪ್ರಾಂತ್ಯಗಳಲ್ಲಿ 1850ರ ದಶಕದವರೆಗೂ ಗುಲಾಮರಾಗಿದ್ದರು. ಜೆಕ್ ದೇಶದಲ್ಲಿ ಅವರ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ತಳ್ಳುತ್ತಿದ್ದುದು ತಾರತಮ್ಯ ಅಂತ 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ ಹೇಳಬೇಕಾಯ್ತು. 'ನಮ್ಮವರಿಗೆ ಹೀಗಾ!' ಅಂತ ರಕ್ತ ಕುದ್ದಿತ್ತು. ಬೆಳಿಗ್ಗೆ ನಾನು ಮಾಡಿದ್ದು ಇದು...

ಹುಣಸೂರು ತಾಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳ ಕಾಲೊನಿ ಇದೆ. ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ ಭಾಷೆ. ಹಕ್ಕಿ ಹಿಡಿಯೋದು ಕುಲಕಸುಬಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧವಾಯ್ತು. ಕಾಯ್ದೆ ಬೇಕಿತ್ತು, ಒಪ್ತೀನಿ. ಆದ್ರೆ ಕಸುಬು ಕಿತ್ತುಕೊಂಡಷ್ಟು ಬೇಗ ಬೇರೆ ಬದುಕು ಕೊಟ್ಟೆವಾ?

ದಾರಿಯನ್ನ ಅವರೇ ಹುಡುಕಿಕೊಂಡರು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಹಿಡಿದು ಆಫ್ರಿಕಾವರೆಗೂ ವ್ಯಾಪಾರಕ್ಕೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಗಿ ಅಲ್ಲಿ ಸಿಕ್ಕಿಕೊಂಡಾಗಲೇ ನಮ್ಮಲ್ಲಿ ಅನೇಕರಿಗೆ ಅವರ ನೆನಪಾದದ್ದು. ಆಗಲೂ 'ಇವರು ಅಲ್ಲಿಗೆ ಯಾಕೆ ಹೋಗಬೇಕಿತ್ತು?' ಅಂದವರನ್ನ ಕೇಳಿದ್ದೀನಿ. ಪಕ್ಕದ ಮನೆ ಹುಡುಗ ಅಮೆರಿಕಕ್ಕೆ ಹೋದರೆ ಹೀಗೆ ಕೇಳ್ತೀವಾ? ಸ್ವೀಟ್ ಹಂಚ್ತೀವಿ. ಭಾರತೀಯರನ್ನು ಸುಡಾನ್‌ನಿಂದ ಕರೆತಂದ ಆ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು 'ಕಾವೇರಿ'. ನಮ್ಮೂರಿನ ಹೊಳೆಯ ಹೆಸರು!

ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರಿಗೆ ಜಾಗ ಇದೆ. ನನ್ನ ಪಕ್ಕದ ಸೀಟಿನಲ್ಲಿ ಇರಲಿಲ್ಲ. ಸರ್ಕಾರ ಮಾಡಬೇಕಾದ್ದು ಬೇಕಾದಷ್ಟಿದೆ, ಶಾಲೆ, ಜಮೀನು, ವ್ಯಾಪಾರಕ್ಕೆ ಸಾಲ... ಆದ್ರೆ ಆ ಬ್ಯಾಗನ್ನು ಅಲ್ಲಿಟ್ಟಿದ್ದು ಸರ್ಕಾರ ಅಲ್ಲ, ನಾನು. ಯುರೋಪಿಗೆ ಬುದ್ಧಿ ಹೇಳೋ ಮುಂಚೆ ಅದನ್ನು ತೆಗೀಬೇಕು.

ನೀವೂ ಯಾವತ್ತಾದರೂ ಹೀಗೆ ಬ್ಯಾಗ್ ಇಟ್ಟಿದ್ದೀರಾ? ನಿಜ ಹೇಳಿ.